ಅಲುಗಿದ ತಲೆ, ತಪ್ಪಿದ ಲೆಕ್ಕ

‘ಸ್ವಲ್ಪ ಹೊತ್ತು ಅಲ್ಲಾಡದೆ ಕೂತ್ಕೋ’ ಎಂಬ ಮಾತು ಕೇಳದೆ ಬೆಳೆದ ಮಗು ಇರಲಾರದು. ಕ್ಷೌರದ ಕುರ್ಚಿಯಲ್ಲಿ, ಜಡೆ ಹೆಣೆಯುವಾಗ, ಶಾಲೆಯ ಗ್ರೂಪ್ ಫೋಟೋಕ್ಕೆ ಸಾಲಾಗಿ ನಿಂತಾಗ ದೊಡ್ಡವರು ಈ ಮಾತು ಹೇಳುತ್ತಲೇ ಇರುತ್ತಾರೆ. ಮಕ್ಕಳು ಅಲ್ಲಾಡುತ್ತಲೇ ಇರುತ್ತಾರೆ. ಅದರಿಂದಾಗುವ ನಷ್ಟವೇನೂ ದೊಡ್ಡದಲ್ಲ. ಬೈತಲೆ ಸ್ವಲ್ಪ ಓರೆಯಾದೀತು, ಫೋಟೋದಲ್ಲಿ ಒಂದು ಮುಖ ಮಸುಕಾದೀತು. ಆದರೆ ಇದೇ ಅಲುಗಾಟ, ಅದೂ ಒಂದು ಮಿಲಿಮೀಟರಿಗಿಂತ ಕಡಿಮೆಯಾದದ್ದು, ಮಕ್ಕಳ ಮಿದುಳು ಬೆಳೆಯುವ ಬಗೆಯನ್ನು ಕುರಿತ ಒಂದು ವೈಜ್ಞಾನಿಕ ತೀರ್ಮಾನವನ್ನೇ ಓರೆಯಾಗಿಸಿತ್ತು. ಆ ತೀರ್ಮಾನವನ್ನು ಪ್ರಕಟಿಸಿದ್ದ ಪ್ರಯೋಗಶಾಲೆಯವರೇ ಮುಂದೆ ತಮ್ಮ ಲೆಕ್ಕದಲ್ಲಿ ನುಸುಳಿದ್ದ ದೋಷವನ್ನು ಪತ್ತೆಹಚ್ಚಿ ಲೋಕಕ್ಕೆ ತಿಳಿಸಿದರು. ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ತಿಳಿಯಬೇಕಾದ ಕಥೆ ಇದು.

ರಕ್ತ ಹೇಳುವ ಸುದ್ದಿ

ವಯಸ್ಕರ ಮಿದುಳಿನ ತೂಕ ಸುಮಾರು 1.4 ಕಿಲೋಗ್ರಾಂ. ದೇಹದ ತೂಕದಲ್ಲಿ ಅದು ನೂರಕ್ಕೆ ಎರಡು ಪಾಲು ಮಾತ್ರ. ಆದರೆ ವಿಶ್ರಾಂತಿಯಲ್ಲಿರುವ ದೇಹ ಬಳಸುವ ಶಕ್ತಿಯಲ್ಲಿ ನೂರಕ್ಕೆ ಸುಮಾರು ಇಪ್ಪತ್ತು ಪಾಲು ಮಿದುಳಿಗೇ ಬೇಕು. ಈ ಶಕ್ತಿಯನ್ನು ಕೂಡಿಟ್ಟುಕೊಳ್ಳಲು ಮಿದುಳಿಗೆ ಹೆಚ್ಚಿನ ಉಗ್ರಾಣವಿಲ್ಲ. ಆದ್ದರಿಂದ ಅದರ ಯಾವ ಭಾಗ ದುಡಿಯುತ್ತದೆಯೋ ಆ ಭಾಗಕ್ಕೆ ರಕ್ತದ ಹರಿವು ಕೂಡಲೇ ಹೆಚ್ಚಬೇಕಾಗುತ್ತದೆ. ಹಾಗೆ ಹರಿದುಬರುವ ರಕ್ತದಲ್ಲಿ ಅಗತ್ಯಕ್ಕಿಂತ ಹೆಚ್ಚು ಆಮ್ಲಜನಕ ಇರುತ್ತದೆ ಎಂಬುದು ಇಲ್ಲಿ ಮುಖ್ಯವಾದ ಸಂಗತಿ.

ರಕ್ತದ ಕೆಂಪು ಬಣ್ಣಕ್ಕೆ ಕಾರಣವಾದ ಹಿಮೋಗ್ಲೋಬಿನ್‌ಗೆ ಒಂದು ವಿಚಿತ್ರ ಗುಣವಿದೆ. ಆಮ್ಲಜನಕವನ್ನು ಹೊತ್ತಿರುವಾಗ ಅದನ್ನು ಕಾಂತ ತುಸುವೇ ದೂರ ತಳ್ಳುತ್ತದೆ. ಆಮ್ಲಜನಕವನ್ನು ಬಿಟ್ಟುಕೊಟ್ಟ ಮೇಲೆ ಕಾಂತ ಅದನ್ನು ತನ್ನತ್ತ ಸೆಳೆಯುತ್ತದೆ. ಲೈನಸ್ ಪೌಲಿಂಗ್ ಮತ್ತು ಚಾರ್ಲ್ಸ್ ಕೋರಿಯೆಲ್ ಎಂಬ ರಸಾಯನ ವಿಜ್ಞಾನಿಗಳು 1936ರಲ್ಲಿ ಇದನ್ನು ತೋರಿಸಿದ್ದರು. ಅರ್ಧ ಶತಮಾನ ಕಳೆದ ಮೇಲೆ ಈ ಗುಣಕ್ಕೆ ಹೊಸ ಉಪಯೋಗ ದೊರೆಯಿತು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿದ್ದ ಜಪಾನಿನ ಸೈಜಿ ಒಗಾವ 1990ರಲ್ಲಿ ಇಲಿಗಳ ಮಿದುಳನ್ನು ಪ್ರಬಲ ಕಾಂತಕ್ಷೇತ್ರದಲ್ಲಿಟ್ಟು ನೋಡಿದರು. ರಕ್ತದ ಆಮ್ಲಜನಕ ಹೆಚ್ಚುಕಡಿಮೆಯಾದಂತೆ ಚಿತ್ರದ ಹೊಳಪೂ ಬದಲಾಗುವುದು ಕಂಡುಬಂತು. 1992ರಲ್ಲಿ ಅಮೆರಿಕದ ಬೇರೆ ಬೇರೆ ಸಂಶೋಧನಾ ತಂಡಗಳು ಇದೇ ವಿಧಾನದಿಂದ ಮನುಷ್ಯನ ಮಿದುಳು ದುಡಿಯುವುದನ್ನು ಚಿತ್ರದಲ್ಲಿ ಹಿಡಿದವು. ತಲೆಬುರುಡೆಯನ್ನು ತೆರೆಯಬೇಕಿಲ್ಲ, ಚುಚ್ಚುಮದ್ದು ಬೇಕಿಲ್ಲ, ಕ್ಷ-ಕಿರಣದ ಹಂಗೂ ಇಲ್ಲ. ಇದೇ ‘ಎಫ್‌ಎಂಆರ್‌ಐ’, ಎಂದರೆ ಮಿದುಳಿನ ಚಟುವಟಿಕೆಯನ್ನು ತೋರಿಸುವ ಎಂಆರ್‌ಐ ವಿಧಾನ.

ಯಂತ್ರ ಕೆಲಸ ಮಾಡುವ ರೀತಿಯನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ವ್ಯಕ್ತಿ ಒಂದು ಸುರಂಗದಂಥ ಕೊಳವೆಯೊಳಗೆ ಅಂಗಾತ ಮಲಗುತ್ತಾನೆ. ಅಲ್ಲಿನ ಕಾಂತಕ್ಷೇತ್ರ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ. ಭೂಮಿಯ ಕಾಂತಕ್ಷೇತ್ರಕ್ಕೆ ಹೋಲಿಸಿದರೆ ಇದು ಹತ್ತಾರು ಸಾವಿರ ಪಟ್ಟು ಪ್ರಬಲ. ದೇಹದ ನೀರಿನಲ್ಲಿರುವ ಹೈಡ್ರೋಜನ್ ಪರಮಾಣುಗಳ ಬೀಜಕೇಂದ್ರಗಳನ್ನು ರೇಡಿಯೋ ತರಂಗದಿಂದ ಕೆಣಕಿದರೆ ಅವು ತಿರುಗಿ ಸಂಕೇತವನ್ನು ಕೊಡುತ್ತವೆ. ಆ ಸಂಕೇತಗಳಿಂದ ಗಣಕಯಂತ್ರ ಮಿದುಳಿನ ಚಿತ್ರವನ್ನು ಕಟ್ಟುತ್ತದೆ. ಎಫ್‌ಎಂಆರ್‌ಐಯಲ್ಲಿ ಇಡೀ ಮಿದುಳಿನ ಚಿತ್ರವನ್ನು ಸಾಮಾನ್ಯವಾಗಿ ಎರಡೆರಡು ಸೆಕೆಂಡಿಗೊಮ್ಮೆ ತೆಗೆಯುವುದು ವಾಡಿಕೆ. ಹತ್ತು ನಿಮಿಷಕ್ಕೆ 300 ಚಿತ್ರಗಳಾದವು. ಒಂದೊಂದು ಚಿತ್ರವೂ ಸಕ್ಕರೆ ಅಚ್ಚಿನ ತುಂಡುಗಳನ್ನು ಜೋಡಿಸಿಟ್ಟಂತೆ ಸಾವಿರಾರು ಪುಟ್ಟ ಘನಗಳಿಂದ ಆಗಿರುತ್ತದೆ. ಈ ಘನಕ್ಕೆ ‘ವಾಕ್ಸೆಲ್’ ಎಂದು ಹೆಸರು. ಅದರ ಒಂದೊಂದು ಬದಿ ಸುಮಾರು 3 ಮಿಲಿಮೀಟರ್.

ಒಂದು ಸಣ್ಣ ಲೆಕ್ಕ

ಮಿದುಳಿನ ಒಂದು ಭಾಗ ಚುರುಕಾದಾಗ ಅಲ್ಲಿನ ವಾಕ್ಸೆಲ್‌ನ ಹೊಳಪು ಎಷ್ಟು ಹೆಚ್ಚುತ್ತದೆ? ಹೆಚ್ಚೆಂದರೆ ನೂರಕ್ಕೆ ಕೆಲವೇ ಪಾಲು. ಅನೇಕ ಪ್ರಯೋಗಗಳಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ. ಇಷ್ಟು ಸಣ್ಣ ಬದಲಾವಣೆಯನ್ನು ಹುಡುಕುವಾಗ ತಲೆ ಅಲುಗಿದರೆ ಏನಾಗುತ್ತದೆ ಎಂಬುದನ್ನು ಹೈಸ್ಕೂಲು ವಿದ್ಯಾರ್ಥಿಯೂ ಲೆಕ್ಕ ಹಾಕಬಹುದು.

ಮಿದುಳಿನ ಅಂಚಿನಲ್ಲಿರುವ ಒಂದು ವಾಕ್ಸೆಲ್ ತೆಗೆದುಕೊಳ್ಳೋಣ. ಅದರ ಪಕ್ಕದಲ್ಲೇ ಮಿದುಳನ್ನು ಸುತ್ತುವರಿದ ದ್ರವವಿದೆ. ಆ ದ್ರವ ಚಿತ್ರದಲ್ಲಿ ಮಿದುಳಿಗಿಂತ ನೂರಕ್ಕೆ 20ರಷ್ಟು ಹೆಚ್ಚು ಹೊಳೆಯುತ್ತದೆ ಎಂದು ಇಟ್ಟುಕೊಳ್ಳಿ. ಈಗ ತಲೆ ಆ ದಿಕ್ಕಿನಲ್ಲಿ 0.3 ಮಿಲಿಮೀಟರ್ ಸರಿಯಿತು. ವಾಕ್ಸೆಲ್‌ನ ಅಗಲ 3 ಮಿಲಿಮೀಟರ್ ಆದ್ದರಿಂದ ಅದರೊಳಗಿನ ಹತ್ತನೆಯ ಒಂದು ಭಾಗ ಹೊರಹೋಗಿ ಆ ಜಾಗಕ್ಕೆ ದ್ರವ ಬಂತು. ನೂರಕ್ಕೆ ಇಪ್ಪತ್ತರ ಹತ್ತನೆಯ ಒಂದು ಭಾಗ ಎಂದರೆ ನೂರಕ್ಕೆ ಎರಡು. ಮಿದುಳು ಯೋಚಿಸಿದರೆ ಆಗುವಷ್ಟೇ ಬದಲಾವಣೆ ತಲೆ ಜರುಗಿದ್ದರಿಂದಲೂ ಆಯಿತು! ಚಿತ್ರದ ಹೊಳಪನ್ನು ಮಾತ್ರ ನೋಡುವವರಿಗೆ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

0.3 ಮಿಲಿಮೀಟರ್ ಅಲುಗಲು ಮಗು ತುಂಟತನ ಮಾಡಬೇಕಾಗಿಲ್ಲ. ಉಗುಳು ನುಂಗಿದರೆ ಸಾಕು, ಕೆಮ್ಮು ತಡೆದುಕೊಂಡರೂ ಸಾಕು. ತಲೆ ಒಂದೇ ಒಂದು ಡಿಗ್ರಿ ಬಾಗಿದರೆ, ತಿರುಗುವ ಬಿಂದುವಿನಿಂದ 50 ಮಿಲಿಮೀಟರ್ ದೂರದಲ್ಲಿರುವ ಭಾಗ ಸುಮಾರು 0.87 ಮಿಲಿಮೀಟರ್ ಸರಿಯುತ್ತದೆ. ತಲೆಯ ಎರಡೂ ಪಕ್ಕಕ್ಕೆ ಮೆತ್ತೆ ತುರುಕಿ, ಕಿವಿಗೆ ಯಂತ್ರದ ಬಡಿತ ಕೇಳಿಸದಂತೆ ಬೆಣೆ ಇಟ್ಟು ಎಷ್ಟೇ ಎಚ್ಚರಿಕೆ ವಹಿಸಿದರೂ ಜೀವಂತ ಮನುಷ್ಯನ ತಲೆ ಕಲ್ಲಿನಂತೆ ಇರಲಾರದು.

ಆರು ಅಂಕಿಗಳ ತಾಳೆ

ಎಫ್‌ಎಂಆರ್‌ಐ ಹುಟ್ಟಿದ ಕೆಲವೇ ವರ್ಷಗಳಲ್ಲಿ ವಿಜ್ಞಾನಿಗಳು ಇದಕ್ಕೆ ಪರಿಹಾರ ಹುಡುಕತೊಡಗಿದರು. ತಲೆಬುರುಡೆ ಗಟ್ಟಿಯಾದದ್ದು, ಅದು ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಅಂಥ ವಸ್ತುವಿನ ಯಾವುದೇ ಚಲನೆಯನ್ನು ಆರು ಅಂಕಿಗಳಲ್ಲಿ ಹೇಳಿಬಿಡಬಹುದು. ಎಡಬಲಕ್ಕೆ, ಹಿಂದುಮುಂದಕ್ಕೆ, ಮೇಲೆಕೆಳಗೆ ಸರಿದದ್ದು ಎಷ್ಟು ಎಂಬುದಕ್ಕೆ ಮೂರು ಅಂಕಿ. ‘ಹೌದು’ ಎಂಬಂತೆ ತಲೆ ಆಡಿಸಿದ್ದು, ‘ಇಲ್ಲ’ ಎಂಬಂತೆ ತಿರುಗಿಸಿದ್ದು, ಭುಜದ ಕಡೆ ವಾಲಿಸಿದ್ದು ಎಷ್ಟು ಎಂಬುದಕ್ಕೆ ಇನ್ನು ಮೂರು.

ಗಣಕಯಂತ್ರ ಒಂದು ಚಿತ್ರವನ್ನು ಮಾದರಿಯಾಗಿ ಇಟ್ಟುಕೊಂಡು ಉಳಿದ ಒಂದೊಂದು ಚಿತ್ರವನ್ನೂ ಅದರ ಮೇಲೆ ಕೂರಿಸಿ ನೋಡುತ್ತದೆ. ತುಸು ಸರಿಸುತ್ತದೆ, ತುಸು ತಿರುಗಿಸುತ್ತದೆ. ಎರಡು ಚಿತ್ರಗಳ ನಡುವಣ ವ್ಯತ್ಯಾಸ ಅತ್ಯಂತ ಕಡಿಮೆಯಾಗುವ ಆರು ಅಂಕಿಗಳು ಸಿಕ್ಕಿದಾಗ ನಿಲ್ಲುತ್ತದೆ. ಹೊಲಿಗೆಯವರು ಬಟ್ಟೆಯ ಎರಡು ತುಂಡುಗಳ ಅಂಚನ್ನು ತಾಳೆ ಮಾಡಿಕೊಳ್ಳುವಂಥದೇ ಕೆಲಸ ಇದು. ಹೀಗೆ 300 ಚಿತ್ರಗಳೂ ಒಂದರ ಮೇಲೊಂದು ಸರಿಯಾಗಿ ಕುಳಿತುಕೊಳ್ಳುತ್ತವೆ.

ಅಷ್ಟಕ್ಕೆ ಕೆಲಸ ಮುಗಿಯಬೇಕಿತ್ತು. ಮುಗಿಯಲಿಲ್ಲ. ತಲೆ ಅಲುಗಿದಾಗ ಮಿದುಳಿನ ಜಾಗ ಬದಲಾಗುವುದರ ಜೊತೆಗೆ ಸಂಕೇತವೂ ಕೆಡುತ್ತದೆ ಎಂಬುದೇ ಇದಕ್ಕೆ ಕಾರಣ. ಬೇಸಿಗೆಯಲ್ಲಿ ಹೊಳೆಯ ಮರಳಿನಲ್ಲಿ ತೋಡಿದ ಒರತೆಯನ್ನು ನೆನೆಸಿಕೊಂಡರೆ ಇದು ಅರ್ಥವಾಗುತ್ತದೆ. ಒಂದೇ ಅಂತರದ ಹೊತ್ತಿಗೆ ನೀರು ತೋಡುತ್ತ ಹೋದರೆ ಪ್ರತಿ ಸಲವೂ ಒಂದೇ ಪ್ರಮಾಣದ ನೀರು ದೊರೆಯುತ್ತದೆ. ಒರತೆ ತುಂಬುವ ಮೊದಲೇ ತಂಬಿಗೆ ಇಳಿಸಿದರೆ ಕಡಿಮೆ ಸಿಗುತ್ತದೆ. ಹೈಡ್ರೋಜನ್ ಬೀಜಕೇಂದ್ರಗಳೂ ಹಾಗೆಯೇ. ಒಮ್ಮೆ ಕೆಣಕಿದ ಮೇಲೆ ಅವು ಚೇತರಿಸಿಕೊಳ್ಳಲು ಹೊತ್ತು ಬೇಕು. ಯಂತ್ರ ಮಿದುಳನ್ನು ಪದರ ಪದರವಾಗಿ, ಸರದಿಯ ಪ್ರಕಾರ ಕೆಣಕುತ್ತದೆ. ತಲೆ ಜರುಗಿದರೆ ಒಂದು ಪದರದ ಅಂಗಾಂಶ ಇನ್ನೊಂದು ಪದರದ ಜಾಗಕ್ಕೆ ಬಂದು ಸರದಿ ತಪ್ಪುತ್ತದೆ. ಮುಂದಿನ ಕೆಲವು ಸೆಕೆಂಡುಗಳ ಸಂಕೇತ ಹೆಚ್ಚುಕಡಿಮೆಯಾಗುತ್ತದೆ. ಇದಲ್ಲದೆ ಮೂಗಿನ ಹಿಂದೆ, ಕಿವಿಯ ಬಳಿ ಇರುವ ಗಾಳಿಯ ಪೊಟರೆಗಳು ಕಾಂತಕ್ಷೇತ್ರವನ್ನು ಡೊಂಕು ಮಾಡುತ್ತವೆ. ತಲೆ ಬಾಗಿದಂತೆ ಈ ಡೊಂಕೂ ಬದಲಾಗುತ್ತದೆ. ಚಿತ್ರಗಳನ್ನು ಎಷ್ಟೇ ಚೆನ್ನಾಗಿ ತಾಳೆ ಮಾಡಿದರೂ ಈ ಕೊಳೆ ಉಳಿದುಬಿಡುತ್ತದೆ.

ಲಂಡನ್ನಿನ ಕಾರ್ಲ್ ಫ್ರಿಸ್ಟನ್ ಮತ್ತು ಸಂಗಡಿಗರು 1996ರಲ್ಲಿ ಇದನ್ನು ವಿವರಿಸಿ ಒಂದು ಉಪಾಯ ಹೇಳಿದರು. ಆರು ಅಂಕಿಗಳು ಏರಿಳಿದಂತೆ ಯಾವ ವಾಕ್ಸೆಲ್‌ನ ಹೊಳಪು ಎಷ್ಟು ಏರಿಳಿಯುತ್ತದೆ ಎಂದು ಲೆಕ್ಕ ಹಾಕಿ ಅಷ್ಟನ್ನು ಕಳೆದುಬಿಡುವುದು. ಈಗಿನ ಚಲನೆಯ ಜೊತೆಗೆ ಅದರ ಹಿಂದಿನ ಚಿತ್ರದ ಚಲನೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕೆಂದು ಅವರು ತೋರಿಸಿದರು. ಈ ವಿಧಾನ ಬಹಳ ವರ್ಷ ಸಾಕೆನಿಸಿತ್ತು.

ಗದ್ದಲದೊಳಗಿನ ಸಂಕೇತ

ಈ ನಡುವೆ ಎಫ್‌ಎಂಆರ್‌ಐಯ ದಾರಿಯೇ ಬದಲಾಯಿತು. ಭಾರತೀಯ ಮೂಲದ ಭರತ್ ಬಿಸ್ವಾಲ್ ಅಮೆರಿಕದ ವಿಸ್ಕಾನ್ಸಿನ್ ವೈದ್ಯಕೀಯ ಕಾಲೇಜಿನಲ್ಲಿ, ಏನೂ ಮಾಡದೆ ಸುಮ್ಮನೆ ಮಲಗಿದ್ದವರ ಮಿದುಳಿನ ಸಂಕೇತದಲ್ಲಿ ಕಾಣುವ ಗದ್ದಲವನ್ನು ಪರಿಶೀಲಿಸುತ್ತಿದ್ದರು. ಎಡಗೈಯನ್ನು ಆಡಿಸುವ ಭಾಗ ಮಿದುಳಿನ ಬಲಕ್ಕಿದೆ, ಬಲಗೈಯನ್ನು ಆಡಿಸುವ ಭಾಗ ಎಡಕ್ಕಿದೆ. ಎರಡರ ನಡುವೆ ಸಾಕಷ್ಟು ದೂರ. ಆದರೂ ಕೈ ಆಡಿಸದೆ ಮಲಗಿದ್ದಾಗಲೂ ಆ ಎರಡು ಭಾಗಗಳ ಸಂಕೇತಗಳು ನಿಧಾನವಾಗಿ, ಒಂದೇ ಲಯದಲ್ಲಿ ಏರಿಳಿಯುತ್ತಿದ್ದವು. ಬೇಡವೆಂದು ಎಸೆಯಬೇಕಿದ್ದ ಗದ್ದಲದೊಳಗೇ ಮಿದುಳಿನ ಭಾಗಗಳ ನಡುವಣ ಸಂಬಂಧ ಅಡಗಿತ್ತು. 1995ರಲ್ಲಿ ಪ್ರಕಟವಾದ ಈ ಸಂಶೋಧನೆಯಿಂದ ಒಂದು ಹೊಸ ಶಾಖೆಯೇ ಬೆಳೆಯಿತು. ಯಾವ ಎರಡು ಭಾಗಗಳ ಸಂಕೇತ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತದೆಯೋ ಅವುಗಳ ನಡುವೆ ಒಡನಾಟ ಇದೆ ಎಂದು ಭಾವಿಸುವುದು ಇದರ ಸೂತ್ರ.

ಮಕ್ಕಳ ಮಿದುಳಿನ ಅಭ್ಯಾಸಕ್ಕೆ ಇದು ತುಂಬ ಅನುಕೂಲವಾಯಿತು. ಮಗು ಲೆಕ್ಕ ಮಾಡಬೇಕಿಲ್ಲ, ಓದಬೇಕಿಲ್ಲ. ಸುಮ್ಮನೆ ಮಲಗಿದ್ದರೆ ಆಯಿತು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಟೀವನ್ ಪೀಟರ್ಸನ್, ಬ್ರ್ಯಾಡ್ಲಿ ಶ್ಲಾಗರ್ ಮತ್ತು ಅವರ ಸಂಗಡಿಗರು ಏಳು ವರ್ಷದ ಮಕ್ಕಳಿಂದ ಹಿಡಿದು ಮೂವತ್ತರ ಆಸುಪಾಸಿನ ವಯಸ್ಕರವರೆಗೆ ಅನೇಕರ ಮಿದುಳಿನ ಚಿತ್ರ ತೆಗೆದರು. 2009ರ ಹೊತ್ತಿಗೆ ಅವರಿಗೆ ಒಂದು ಅಂದವಾದ ಉತ್ತರ ದೊರೆಯಿತು. ಚಿಕ್ಕ ಮಕ್ಕಳ ಮಿದುಳಿನಲ್ಲಿ ಅಕ್ಕಪಕ್ಕದ ಭಾಗಗಳ ನಡುವೆ ಒಡನಾಟ ಹೆಚ್ಚು, ದೂರದ ಭಾಗಗಳ ನಡುವೆ ಕಡಿಮೆ. ವಯಸ್ಸಾದಂತೆ ನೆರೆಹೊರೆಯ ಒಡನಾಟ ಕಡಿಮೆಯಾಗಿ ದೂರದ ಸಂಬಂಧಗಳು ಗಟ್ಟಿಯಾಗುತ್ತವೆ. ಓಣಿಯೊಳಗೆ ಆಡುತ್ತಿದ್ದ ಮಗು ಬೆಳೆದು ಊರಿಂದೂರಿಗೆ ವ್ಯವಹಾರ ಮಾಡುವಂತೆ! ಕೇಳಿದವರಿಗೆಲ್ಲ ಇದು ಸಹಜವೆನಿಸಿತು. ಆ ಚಿತ್ರಗಳನ್ನೂ ಅಂದಿನ ವಾಡಿಕೆಯಂತೆ ತಾಳೆ ಮಾಡಲಾಗಿತ್ತು, ಚಲನೆಯ ಪ್ರಭಾವವನ್ನು ಲೆಕ್ಕದಲ್ಲಿ ಕಳೆಯಲಾಗಿತ್ತು.

ಹಿಂದಿನ ಸೀಟಿನ ಪ್ರಯಾಣಿಕರು

ಅದೇ ಪ್ರಯೋಗಶಾಲೆಯ ಜೊನಾಥನ್ ಪವರ್ ಮತ್ತು ಸಂಗಡಿಗರು 2012ರಲ್ಲಿ ಮತ್ತೊಂದು ಪ್ರಬಂಧ ಪ್ರಕಟಿಸಿದರು. ಪೀಟರ್ಸನ್ ಮತ್ತು ಶ್ಲಾಗರ್ ಅವರ ಹೆಸರುಗಳೂ ಅದರಲ್ಲಿದ್ದವು. ಅದರ ಸಾರಾಂಶ ಇಷ್ಟು: ತಾಳೆ ಮಾಡಿ, ಚಲನೆಯ ಪ್ರಭಾವವನ್ನು ಕಳೆದ ಮೇಲೂ ತಲೆಯ ಅಲುಗಾಟ ಸಂಕೇತದಲ್ಲಿ ಉಳಿಯುತ್ತದೆ. ಹಾಗೆ ಉಳಿದದ್ದು ಅಡ್ಡಾದಿಡ್ಡಿಯಾಗಿ ಹರಡದೆ ಒಂದು ಕ್ರಮದಲ್ಲಿ ಹರಡುತ್ತದೆ. ಅಕ್ಕಪಕ್ಕದ ಭಾಗಗಳ ಸಂಬಂಧವನ್ನು ಅದು ಇದ್ದದ್ದಕ್ಕಿಂತ ಹೆಚ್ಚಾಗಿ ತೋರಿಸುತ್ತದೆ. ದೂರದ ಭಾಗಗಳ ಸಂಬಂಧವನ್ನು ಕಡಿಮೆಯಾಗಿ ತೋರಿಸುತ್ತದೆ.

ಹೀಗೇಕೆ ಎಂಬುದಕ್ಕೆ ಹಳ್ಳಿಯ ರಸ್ತೆಯಲ್ಲಿ ಹೋಗುವ ಬಸ್ಸನ್ನು ನೋಡಿದರೆ ಸಾಕು. ಚಕ್ರ ಗುಂಡಿಗೆ ಇಳಿದಾಗ ಕೊನೆಯ ಸೀಟಿನಲ್ಲಿ ಕುಳಿತವರೆಲ್ಲ ಒಟ್ಟಿಗೆ ಎಗರುತ್ತಾರೆ. ಡ್ರೈವರ್ ಪಕ್ಕದವರಿಗೆ ಆ ಹೊತ್ತಿನಲ್ಲಿ ಏನೂ ಆಗಿರುವುದಿಲ್ಲ. ಯಾರು ಯಾವಾಗ ಎದ್ದು ಕುಳಿತರು ಎಂಬುದನ್ನು ಮಾತ್ರ ದೂರದಿಂದ ಬರೆದುಕೊಂಡವರು ಏನೆಂದುಕೊಳ್ಳುತ್ತಾರೆ? ‘ಹಿಂದಿನ ಸೀಟಿನವರೆಲ್ಲ ಗಳಸ್ಯ ಕಂಠಸ್ಯ, ಮುಂದಿನವರಿಗೂ ಹಿಂದಿನವರಿಗೂ ಮಾತಿಲ್ಲ’ ಎಂದುಕೊಳ್ಳುತ್ತಾರೆ. ಒಬ್ಬರಿಗೊಬ್ಬರು ಪರಿಚಯವೇ ಇಲ್ಲದಿದ್ದರೂ ಇದೇ ತೀರ್ಮಾನ! ತಲೆ ಬಾಗಿದಾಗಲೂ ಹೀಗೆಯೇ. ಅಕ್ಕಪಕ್ಕದ ವಾಕ್ಸೆಲ್‌ಗಳು ಒಟ್ಟಿಗೆ, ಒಂದೇ ಬಗೆಯಾಗಿ ಕೆಡುತ್ತವೆ. ದೂರದವು ಬೇರೆ ಬಗೆಯಾಗಿ ಕೆಡುತ್ತವೆ.

ಈಗ ಮಕ್ಕಳ ವಿಷಯಕ್ಕೆ ಬರಬಹುದು. ವಯಸ್ಕರಿಗಿಂತ ಚಿಕ್ಕ ಮಕ್ಕಳು ಹೆಚ್ಚು ಅಲುಗಾಡುತ್ತಾರೆ. ಎಂದರೆ ಮಕ್ಕಳ ಬಸ್ಸು ಗುಂಡಿಯ ರಸ್ತೆಯಲ್ಲಿ ಹೋಗುತ್ತಿತ್ತು, ದೊಡ್ಡವರ ಬಸ್ಸು ಡಾಂಬರು ರಸ್ತೆಯಲ್ಲಿ. ‘ಚಿಕ್ಕಂದಿನಲ್ಲಿ ನೆರೆಯ ಸಂಬಂಧ ಹೆಚ್ಚು, ಬೆಳೆದಂತೆ ದೂರದ ಸಂಬಂಧ ಹೆಚ್ಚು’ ಎಂಬ ತೀರ್ಮಾನದ ಎಷ್ಟು ಭಾಗ ಮಿದುಳಿನ ಬೆಳವಣಿಗೆಯಿಂದ ಬಂದದ್ದು, ಎಷ್ಟು ಭಾಗ ಕುತ್ತಿಗೆಯ ಚಲನೆಯಿಂದ ಬಂದದ್ದು? ದೋಷದ ಆಕಾರವೂ ಉತ್ತರದ ಆಕಾರವೂ ಒಂದೇ ಆಗಿದ್ದುದರಿಂದ ಯಾರಿಗೂ ಸಂಶಯ ಬಂದಿರಲಿಲ್ಲ. ಉತ್ತರ ಅಸಂಬದ್ಧವಾಗಿ ಬಂದರೆ ವಿಜ್ಞಾನಿ ಉಪಕರಣವನ್ನು ಪರೀಕ್ಷಿಸುತ್ತಾನೆ. ನಿರೀಕ್ಷಿಸಿದಂತೆಯೇ ಬಂದರೆ ಉಪಕರಣದ ಮೇಲೆ ಯಾರೂ ಅನುಮಾನ ಪಡುವುದಿಲ್ಲ.

ಪವರ್ ಮತ್ತು ಸಂಗಡಿಗರು ಕೈಗೊಂಡ ಕ್ರಮ ಸರಳವಾದದ್ದು. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಆರು ಅಂಕಿಗಳು ಎಷ್ಟೆಷ್ಟು ಬದಲಾದವು ಎಂದು ನೋಡಿ, ಡಿಗ್ರಿಗಳನ್ನು 50 ಮಿಲಿಮೀಟರ್ ತ್ರಿಜ್ಯದ ಗೋಲದ ಮೇಲಿನ ದೂರವಾಗಿ ಪರಿವರ್ತಿಸಿ, ಎಲ್ಲವನ್ನೂ ಕೂಡಿದರು. ಮೊತ್ತ 0.5 ಮಿಲಿಮೀಟರ್ ಮೀರಿದ ಚಿತ್ರಗಳನ್ನು ಗುರುತಿಸಿದರು. ಚಿತ್ರದ ಹೊಳಪು ಇದ್ದಕ್ಕಿದ್ದಂತೆ ಎಷ್ಟು ಬದಲಾಯಿತು ಎಂಬ ಮತ್ತೊಂದು ಅಳತೆಯನ್ನೂ ಜೊತೆಗಿಟ್ಟುಕೊಂಡರು. ಅಕ್ಕಿಯಿಂದ ಕಲ್ಲು ಆರಿಸುವಂತೆ ಕೆಟ್ಟ ಚಿತ್ರಗಳನ್ನು ಆರಿಸಿ ಹೊರಹಾಕಿ, ಉಳಿದವುಗಳಿಂದ ಲೆಕ್ಕವನ್ನು ಹೊಸದಾಗಿ ಮಾಡಿದರು. ತಮ್ಮದೇ ಹಳೆಯ ದತ್ತಾಂಶದಲ್ಲಿ ನೆರೆಯ ಸಂಬಂಧ, ದೂರದ ಸಂಬಂಧ ಎಂಬ ವ್ಯತ್ಯಾಸ ತಗ್ಗಿತು. ಬೆಳವಣಿಗೆಯ ಬಗ್ಗೆ ತಾವು ಹಿಂದೆ ಹೇಳಿದ್ದನ್ನು ಬದಲಿಸಬೇಕಾಗುತ್ತದೆ, ಇಂಥ ಬೇರೆ ಸಂಶೋಧನೆಗಳನ್ನೂ ಮತ್ತೆ ಪರಿಶೀಲಿಸಬೇಕು ಎಂದು ಪ್ರಬಂಧದಲ್ಲಿಯೇ ಬರೆದರು.

ಅದೇ ವರ್ಷ ಹಾರ್ವರ್ಡ್ ಮತ್ತು ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯಗಳ ತಂಡಗಳೂ ಬೇರೆ ಬೇರೆ ಜನರ ಚಿತ್ರಗಳಿಂದ ಇದೇ ಮಾತನ್ನು ಹೇಳಿದವು. ಹಾಗೆಂದು ಹಿಂದಿನದೆಲ್ಲ ಸುಳ್ಳಾಯಿತು ಎನ್ನುವಂತಿಲ್ಲ. ಪೆನ್ಸಿಲ್ವೇನಿಯದ ತಂಡ 2013ರಲ್ಲಿ ಇನ್ನಷ್ಟು ಕಟ್ಟುನಿಟ್ಟಾಗಿ ಶೋಧಿಸಿ ನೋಡಿದಾಗ ವಯಸ್ಸಿನೊಡನೆ ಬರುವ ಬದಲಾವಣೆಗಳಲ್ಲಿ ಕೆಲವು ತಗ್ಗಿದವು, ಕೆಲವು ಉಳಿದವು. ಉಳಿದವು ಈಗ ಮೊದಲಿಗಿಂತ ಹೆಚ್ಚು ನಂಬಿಕೆಗೆ ಅರ್ಹವಾದವು. ಆಟಿಸಂ ಇರುವವರ ಮಿದುಳಿನಲ್ಲಿ ದೂರದ ಸಂಬಂಧಗಳು ದುರ್ಬಲ ಎಂಬ ವಾದವನ್ನೂ ಇದೇ ಕಾರಣದಿಂದ ಮರುಪರಿಶೀಲನೆಗೆ ಒಳಪಡಿಸಬೇಕಾಯಿತು.

ಹೊರಗುಳಿಯುವ ಮಗು ಯಾರದು?

ಕೆಟ್ಟ ಚಿತ್ರಗಳನ್ನು ಹೊರಹಾಕುವುದು ಸುಲಭ. ಆದರೆ ಹತ್ತು ನಿಮಿಷದಲ್ಲಿ ಮಗು ಪದೇ ಪದೇ ಅಲುಗಿದರೆ ಉಳಿಯುವ ಚಿತ್ರಗಳು ಲೆಕ್ಕಕ್ಕೆ ಸಾಲುವುದಿಲ್ಲ. ಆಗ ಆ ಮಗುವನ್ನೇ ಅಧ್ಯಯನದಿಂದ ಬಿಡಬೇಕಾಗುತ್ತದೆ. ಇಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ಹೀಗೆ ಹೊರಗುಳಿಯುವವರಲ್ಲಿ ತೀರ ಚಿಕ್ಕವರು, ಚಂಚಲ ಸ್ವಭಾವದವರು, ಗಮನ ನಿಲ್ಲದ ತೊಂದರೆ ಇರುವವರು ಹೆಚ್ಚು. ಅಮೆರಿಕದಲ್ಲಿ 9ರಿಂದ 10 ವರ್ಷದ ಸುಮಾರು 12 ಸಾವಿರ ಮಕ್ಕಳನ್ನು ಸೇರಿಸಿಕೊಂಡು 2016ರಲ್ಲಿ ಆರಂಭವಾದ ‘ಎಬಿಸಿಡಿ’ ಎಂಬ ದೊಡ್ಡ ಅಧ್ಯಯನದ ಚಿತ್ರಗಳನ್ನು ಪರಿಶೀಲಿಸಿದಾಗಲೂ, ಹೊರಗುಳಿದ ಮಕ್ಕಳು ಕುಟುಂಬದ ಸ್ಥಿತಿಗತಿಯಲ್ಲೂ ನಡವಳಿಕೆಯಲ್ಲೂ ಒಳಗುಳಿದವರಿಗಿಂತ ಭಿನ್ನರೆಂದು ಕಂಡಿತು. ಶಾಂತವಾಗಿ ಮಲಗುವ ಮಕ್ಕಳನ್ನು ಮಾತ್ರ ಇಟ್ಟುಕೊಂಡರೆ ಚಿತ್ರ ಶುದ್ಧವಾಗುತ್ತದೆ, ನಿಜ. ಆದರೆ ಅದು ಎಲ್ಲ ಮಕ್ಕಳ ಚಿತ್ರವಾಗಿ ಉಳಿಯುವುದಿಲ್ಲ. ಯಾವ ಮಗುವಿಗೆ ಈ ವಿಜ್ಞಾನದ ನೆರವು ಹೆಚ್ಚು ಬೇಕೋ ಆ ಮಗುವೇ ಲೆಕ್ಕದಿಂದ ಜಾರಿಹೋಗುತ್ತದೆ.

ಆದ್ದರಿಂದ ಕೆಟ್ಟ ಚಿತ್ರವನ್ನು ಎಸೆಯುವುದಕ್ಕಿಂತ ಒಳ್ಳೆಯ ಚಿತ್ರ ತೆಗೆಯುವ ಕಡೆಗೆ ಈಗ ಗಮನ ಹರಿದಿದೆ. ಸಂಶೋಧನೆಗಾಗಿ ಆರೋಗ್ಯವಂತ ಮಗುವಿಗೆ ಮದ್ದು ಕೊಟ್ಟು ಮಲಗಿಸುವುದು ಸಲ್ಲದು. ಅದರ ಬದಲು ಕಾಂತವಿಲ್ಲದ ಅಣಕು ಯಂತ್ರದಲ್ಲಿ ಮಗುವನ್ನು ಮೊದಲು ಮಲಗಿಸಿ, ಸದ್ದು ಕೇಳಿಸಿ, ಭಯ ಹೋಗಲಾಡಿಸುತ್ತಾರೆ. ಸಿನಿಮಾ ತೋರಿಸಿದರೆ ಹತ್ತು ವರ್ಷದೊಳಗಿನ ಮಕ್ಕಳು ಹೆಚ್ಚು ಸ್ಥಿರವಾಗಿ ಮಲಗುತ್ತಾರೆ ಎಂದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ಆದರೆ ಸಿನಿಮಾ ನೋಡುವ ಮಿದುಳನ್ನು ಸುಮ್ಮನಿರುವ ಮಿದುಳಿನೊಡನೆ ಹೋಲಿಸುವಂತಿಲ್ಲ. ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ತೆರಬೇಕು. 2017ರಲ್ಲಿ ನಿಕೊ ಡೊಸೆನ್‌ಬಾಕ್, ಡೇಮಿಯನ್ ಫೇರ್ ಮತ್ತು ಸಂಗಡಿಗರು ಚಿತ್ರ ತೆಗೆಯುತ್ತಿರುವಾಗಲೇ ಅಲುಗಾಟವನ್ನು ಅಳೆದು ಪರದೆಯ ಮೇಲೆ ತೋರಿಸುವ ಗಣಕ ಕಾರ್ಯಕ್ರಮವನ್ನು ಪ್ರಕಟಿಸಿದರು. ಸಾಕಷ್ಟು ಒಳ್ಳೆಯ ಚಿತ್ರಗಳು ಸಿಕ್ಕ ಕೂಡಲೇ ನಿಲ್ಲಿಸಬಹುದು. ಸಿಗದಿದ್ದರೆ ಮಗುವಿಗೆ ಬಿಡುವು ಕೊಟ್ಟು ಮತ್ತೆ ಪ್ರಯತ್ನಿಸಬಹುದು. ಮಕ್ಕಳ ಮಿದುಳಿನ ಕುರಿತ 2009ರ ಪ್ರಬಂಧದ ಕರ್ತೃಗಳಲ್ಲಿ ಈ ಇಬ್ಬರೂ ಇದ್ದರು ಎಂಬುದು ಗಮನಿಸತಕ್ಕ ಸಂಗತಿ.

ಅಳತೆಗೋಲಿನಲ್ಲೇ ಮತ್ತೊಂದು ಐಬು ಕೂಡ ಹೊರಬಿತ್ತು. ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಇಡೀ ಮಿದುಳಿನ ಚಿತ್ರ ತೆಗೆಯುವ ವೇಗದ ವಿಧಾನಗಳು ಬಂದ ಮೇಲೆ, ಕದಲದೆ ಮಲಗಿದವರ ತಲೆಯೂ ಲಯಬದ್ಧವಾಗಿ ಅಲುಗುವಂತೆ ಕಾಣತೊಡಗಿತು. ಪರೀಕ್ಷಿಸಿದರೆ ಅದು ಉಸಿರಾಟ! ಎದೆ ಏರಿಳಿದಾಗ ಕಾಂತಕ್ಷೇತ್ರ ತುಸು ಬದಲಾಗುತ್ತದೆ. ಅದರಿಂದ ಚಿತ್ರ ಸರಿಯುತ್ತದೆ. ಗಣಕಯಂತ್ರ ಅದನ್ನು ತಲೆಯ ಚಲನೆ ಎಂದು ಬರೆದುಕೊಳ್ಳುತ್ತದೆ. ಈ ಹುಸಿ ಚಲನೆಯನ್ನು ಶೋಧಿಸಿ ತೆಗೆಯುವ ವಿಧಾನವನ್ನು 2020ರಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ಅಲುಗದ ತಲೆಗೂ ಅಲುಗಿತೆಂಬ ಅಪವಾದ ಬರುವ ಸಂಭವವಿತ್ತು.

ಸರಾಸರಿಗೆ ಸಿಗದ ದೋಷ

ಪ್ರಯೋಗಶಾಲೆಯಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಅಥವಾ ಸ್ಕ್ರೂಗೇಜ್ ಹಿಡಿದ ವಿದ್ಯಾರ್ಥಿಗೆ ಈ ಕಥೆಯ ತಿರುಳು ಹೊಸದಲ್ಲ. ಕಣ್ಣಿನ ಅಂದಾಜಿನಲ್ಲಿ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬರುವ ತಪ್ಪು ಹತ್ತು ಸಲ ಅಳೆದು ಸರಾಸರಿ ತೆಗೆದರೆ ತಗ್ಗುತ್ತದೆ. ಆದರೆ ಉಪಕರಣದಲ್ಲೇ ಶೂನ್ಯ ದೋಷವಿದ್ದರೆ ಸಾವಿರ ಸಲ ಅಳೆದರೂ ಅದು ಹೋಗುವುದಿಲ್ಲ. ತಪ್ಪು ಉತ್ತರವೇ ಹೆಚ್ಚು ಹೆಚ್ಚು ಖಚಿತವೆನಿಸುತ್ತ ಹೋಗುತ್ತದೆ. ಮಕ್ಕಳ ತಲೆಯ ಅಲುಗಾಟ ಈ ಎರಡನೆಯ ಜಾತಿಗೆ ಸೇರಿದ್ದು. ನೂರು ಮಕ್ಕಳ ಬದಲು ಸಾವಿರ ಮಕ್ಕಳ ಚಿತ್ರ ತೆಗೆದಿದ್ದರೂ ಅದು ಅಳಿಸಿಹೋಗುತ್ತಿರಲಿಲ್ಲ. ಅದನ್ನು ಹಿಡಿಯಲು ಹೆಚ್ಚು ಅಂಕಿಗಳಿಗಿಂತ ಮಿಗಿಲಾಗಿ, ತನ್ನ ಉತ್ತರವನ್ನೇ ಅನುಮಾನಿಸುವ ಮನಸ್ಸು ಬೇಕಿತ್ತು.

ತಂದೆತಾಯಿಗಳಿಗೂ ಇದರಲ್ಲಿ ಒಂದು ಮಾತಿದೆ. ‘ಇಂಥ ಮಕ್ಕಳ ಮಿದುಳು ಇತರರ ಮಿದುಳಿಗಿಂತ ಭಿನ್ನ’ ಎಂಬ ತಲೆಬರಹದ ಕೆಳಗೆ ಕೆಂಪು ಹಳದಿ ಬಣ್ಣದ ಮಿದುಳಿನ ಚಿತ್ರ ಆಗಾಗ ಅಚ್ಚಾಗುತ್ತದೆ. ಆ ಬಣ್ಣ ಮಿದುಳಿನದಲ್ಲ. ನೂರಾರು ಚಿತ್ರಗಳಿಂದ ಕಟ್ಟಿದ ಲೆಕ್ಕಕ್ಕೆ ಗಣಕಯಂತ್ರ ಹಚ್ಚಿದ ಬಣ್ಣ. ಅಂಥ ಚಿತ್ರ ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ, ಎರಡು ಗುಂಪಿನ ಮಕ್ಕಳೂ ಯಂತ್ರದೊಳಗೆ ಒಂದೇ ಅಳತೆಯಲ್ಲಿ ಅಲುಗಿದರೇ ಎಂಬುದು. ಎರಡನೆಯದು, ಅಲುಗಿದ ಕಾರಣಕ್ಕೆ ಎಷ್ಟು ಮಕ್ಕಳನ್ನು ಕೈಬಿಡಲಾಯಿತು ಎಂಬುದು. ಇವೆರಡಕ್ಕೆ ಉತ್ತರವಿಲ್ಲದಿದ್ದರೆ ಆ ತಲೆಬರಹವನ್ನು ನೆಚ್ಚಿ ಯಾವ ಮಗುವಿಗೂ ಹಣೆಪಟ್ಟಿ ಕಟ್ಟುವಂತಿಲ್ಲ.

ಪ್ರಾಯೋಗಿಕ ಪರೀಕ್ಷೆಯ ದಿನ ಲೋಲಕದ ಪ್ರಯೋಗದಲ್ಲಿ ಗುರುತ್ವದ ಬೆಲೆ 9.8ರ ಬದಲು 9.2 ಎಂದು ಬಂದರೆ ರೀಡಿಂಗನ್ನೇ ತಿದ್ದಿ ಪುಸ್ತಕದ ಉತ್ತರಕ್ಕೆ ಹೊಂದಿಸುವ ಆಸೆ ಅನೇಕ ವಿದ್ಯಾರ್ಥಿಗಳಿಗೆ ಬರುತ್ತದೆ. ಸೇಂಟ್ ಲೂಯಿಸ್‌ನವರ ಮುಂದಿದ್ದ ಪರೀಕ್ಷೆ ಇದಕ್ಕಿಂತ ಕಠಿಣ. ಅವರಿಗೆ ಬಂದ ಉತ್ತರ ಎಲ್ಲರೂ ಒಪ್ಪಿದ್ದ ಉತ್ತರವೇ ಆಗಿತ್ತು. ಅದರಿಂದ ಅವರಿಗೆ ಹೆಸರೂ ಬಂದಿತ್ತು. ಆದರೂ ಹಳೆಯ ಚಿತ್ರಗಳನ್ನು ಹೊರತೆಗೆದು, ಒಂದೊಂದರಲ್ಲೂ ತಲೆ ಎಷ್ಟು ಅಲುಗಿದೆ ಎಂದು ಮತ್ತೆ ಅಳೆಯಲು ಕುಳಿತರು. ಇಂದು ಮಕ್ಕಳ ಮಿದುಳಿನ ಚಿತ್ರಣದ ಯಾವ ಪ್ರಬಂಧವೂ ಆ ಅಳತೆಯನ್ನು ಹೇಳದೆ ಸುಲಭವಾಗಿ ಪ್ರಕಟವಾಗಲಾರದು.